ಮಾಗಳದ ಹೊಳೆಯಲ್ಲಿ ಕೂತ ಸಂಕ್ರಾಂತಿ

ಹಿರೇಹಡಗಲಿ
ತಾ. 9-2-1979, ಶುಕ್ರವಾರ

ಚಿರಂಜೀವಿ ಗಾದೆಮ್ಮಗೆ ನಿನ್ನ ಸಣ್ಣಪ್ಪ ಓಬಳೇಶಪ್ಪನು ಒಲೆಯ ಮುಂದೆ ಕೂತು ಮಾಡುವ ಆಶೀರ್ವಾದಗಳು.

ಹರಪನಹಳ್ಳಿಯಿಂದ ಹಿಡಿದು ಹೊಸಪೇಟೆಯ ಡ್ಯಾಮಿನವರೆಗೆ, ಚಳಿ ಅಂದರೆ ಏನೆಂದು ಗೊತ್ತಿಲ್ಲದ ಗಂಡಸು ಯಾರಾದರೂ ಇದ್ದರೆ ಅದು ನಾನೊಬ್ಬನೇ. ಹುಟ್ಟಿದಾಗಿನಿಂದ ಒಂದು ಸಲವೂ ನನ್ನ ಹಲ್ಲು ಕಟಕಟ ಅಂದಿಲ್ಲ. ಈ ಕಾಗದದಲ್ಲಿ ಅಕ್ಷರ ಸೊಟ್ಟಗೆ ಬಿದ್ದಿದ್ದರೆ ಅದಕ್ಕೆ ಪೆನ್ನು ಕಾರಣ. ಹೊದ್ದುಕೊಂಡ ಎರಡು ಕಂಬಳಿ ತೋಳಿಗೆ ಅಡ್ಡ ಬರುತ್ತಿರುವುದು ಇನ್ನೊಂದು ಕಾರಣ.

ನಿನ್ನ ಎರಡೂ ಕಾಗದ ಬಂದು ಮುಟ್ಟಿದವು. ಜವಾಬು ಬರೆಯಲು ತಿಂಗಳಾಯಿತು, ತಪ್ಪು ನನ್ನದೇ. ಕುರಿಗಳ ಉಣ್ಣೆ ಕತ್ತರಿಸುವುದಿತ್ತು, ಜೋಳಕ್ಕೆ ಹಕ್ಕಿ ಕಾಯುವುದಿತ್ತು ಎಂದು ಬರೆಯಬಹುದಿತ್ತು. ಆದರೆ ದಿನಾ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಮಂದಿಯ ಇಸ್ಪೀಟಿಗೆ ಬುದ್ಧಿ ಹೇಳಲು ಹೊತ್ತು ಸಿಕ್ಕವನಿಗೆ ನಾಲ್ಕು ಸಾಲು ಬರೆಯಲು ಸಿಗಲಿಲ್ಲ ಅಂದರೆ ನೀನು ನಂಬುವವಳಲ್ಲ. ನಮ್ಮ ಒಲೆಯ ಮುಂದೆಯೇ ಬೆಳೆದವಳು ನೀನು. ಎರಡು ಕಾಗದದಲ್ಲೂ ಒಂದೇ ಮಾತು ಕೇಳಿದ್ದೀ: ಸಣ್ಣವ್ವಗೆ ಕನ್ನಡಕ ಬಂತಾ, ಹಾಕಿಕೊಂಡರೆ ಹೇಗೆ ಕಾಣುತ್ತಾಳೆ. ಕೂಡ್ಲಿಗಿಯ ದವಾಖಾನೆಯಲ್ಲಿ ನರ್ಸಾಗಿ ಸೇರಿ, ಮೊದಲನೇ ಪಗಾರದಲ್ಲಿ ಅವಳ ಕಣ್ಣಿಗೆಂದು ನೂರು ರೂಪಾಯಿ ಮನಿಯಾರ್ಡರ್ ಮಾಡಿದ ನಿನಗೆ ಕೇಳುವ ಹಕ್ಕಿದೆ. ಆ ಸುದ್ದಿಗೇ ಬರುತ್ತೇನೆ, ಸ್ವಲ್ಪ ತಡಿ.

ಮನೆಯಲ್ಲಿ ನಾನು, ನಿನ್ನ ಸಣ್ಣವ್ವ ಜಂಬಕ್ಕ, ಇಬ್ಬರೇ. ಬೆಳಗಿನ ಚಳಿಗೆ ಒಲೆಯ ಆಚೆ ಅವಳು, ಈಚೆ ನಾನು. ಅವಳು ಹಂಡೆಗೆ ಉರಿ ಹಾಕುತ್ತಾಳೆ, ನಾನು ಉರಿ ಹೇಗೆ ಹಾಕಬೇಕೆಂದು ಹೇಳುತ್ತೇನೆ. ಸಂಕ್ರಾಂತಿಗೆ ಮುಂಚೆ ಒಂದು ದಿನ ಶುಂಠಿ ಚಹಾಕ್ಕೆ ಸಕ್ಕರೆ ಎಂದು ಉಪ್ಪು ಹಾಕಿದಳು. ನಾನು ಮುಖ ಕಿವುಚದೆ ಕುಡಿದು, "ಎಂಥಾ ಚಹಾ ಮಾಡೀಯಲೇ ಜಂಬಿ, ಇನ್ನೊಂದು ಲೋಟ ಹಾಕು" ಅಂದೆ. ತಾನೂ ಒಂದು ಗುಟುಕು ಕುಡಿದು ಉಗುಳಿದಳು.

"ನಗ್ರಿ, ನಗ್ರಿ. ನಾಳಿ ಸಾರಿಗೆ ಸಕ್ರಿ ಹಾಕ್ತೀನಿ, ಆವಾಗ್ಲೂ ಇಷ್ಟಾ ನಗಬೇಕ್ರಿ ಮತ್ತ!"

ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆದರೆ ಜೋಳದಲ್ಲಿ ಕಲ್ಲು ಆರಿಸಲು ಪಕ್ಕದ ಮನೆಯ ಗಿಡ್ಡಮ್ಮನನ್ನು ಕರೆಯಬೇಕಾಗಿದೆ. ಉಣ್ಣೆ ನೂಲುವುದೊಂದೇ ನಿಂತಿಲ್ಲ. "ನೂಲಾಕ ಕಣ್ಣು ಯಾಕ ಬೇಕ್ರಿ, ಬೆರಳಿಗೆ ಗೊತ್ತಾಗತೈತಿ" ಅನ್ನುತ್ತಾಳೆ.

ಸಂಕ್ರಾಂತಿಗೆ ಮಾಗಳದ ಹೊಳೆಯಲ್ಲಿ ಮಿಂದು, ಬುತ್ತಿ ಉಂಡು, ಮರುದಿನ ಹಡಗಲಿಯಲ್ಲಿ ಬಸ್ಸು ಹತ್ತಿ ಹೊಸಪೇಟೆಯ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದೆಂದು ಮಾತಾಯಿತು. ನಸುಕಿನಲ್ಲೇ ಬಂಡಿ ಹೂಡಿದೆ. ದಾರಿಯ ಹೊಲದಲ್ಲಿ ಪರಿಚಯದವರೊಬ್ಬರು ಹಾಲು ತುಂಬಿದ ಜೋಳದ ತೆನೆ ಸುಟ್ಟು ಸೀತನಿ ಬಡಿಯುತ್ತಿದ್ದರು. ಕರೆದು ಕೂರಿಸಿದರು. ಬಿಸಿ ಕಾಳು, ಮೇಲೆ ಬೆಲ್ಲ, ಬಾಯೆಲ್ಲ ಮಸಿ. ಜಂಬಕ್ಕನ ಮೂಗಿನ ಮೇಲೆ ನಾನೇ ಬೆರಳಿನಿಂದ ಮಸಿ ಹಚ್ಚಿದೆ, ಅವಳಿಗೆ ಹೊಳೆ ಬರುವವರೆಗೂ ತಿಳಿಯಲಿಲ್ಲ. ಬಂಡಿಯಲ್ಲಿ ನಾನು ಹಾಡುತ್ತಿದ್ದೆ, ಎತ್ತು ಓಡುತ್ತಿದ್ದವು.

"ನೋಡಿದೇನು, ಚಾಟಿ ಮುಟ್ಟಿಸಿಲ್ಲ ನಾನು!" ಅಂದೆ.

"ಚಾಟಿ ಯಾಕ ಬೇಕ್ರಿ, ನಿಮ್ಮ ಹಾಡಿಗೆ ಅಂಜಿ ಓಡ್ತಾವ ಅವು."

ಮಾಗಳದ ಮರಳಿನ ಮೇಲೆ ಆಗಲೇ ಬೇಕಾದಷ್ಟು ಮಂದಿ ಸೇರಿದ್ದರು. ಜಂಬಕ್ಕ ಅರೆದು ತಂದಿದ್ದ ಎಳ್ಳನ್ನು ನನ್ನ ಬೆನ್ನಿಗೆ ಹಚ್ಚಿದಳು. "ಎಮ್ಮಿ ತಿಕ್ಕಿದ್ರೂ ಇಷ್ಟೊತ್ತು ಹಿಡಿಯಾಂಗಿಲ್ಲ" ಎಂದು ಗುದ್ದಿದಳು. ನಾನು ಅವಳ ಬೆನ್ನಿಗೆ ಹಚ್ಚಿದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಮಂದಿಯ ಮುಂದೆ ನಾಚಿದಳು. ಅಲ್ಲಿಗೇ ಮಿಂದು ಉಂಡು ಎದ್ದಿದ್ದರೆ ಈ ಕಾಗದ ತಿಂಗಳ ಹಿಂದೆಯೇ ನಿನ್ನ ಕೈ ಸೇರಿರುತ್ತಿತ್ತು.

ಸುಮ್ಮನಿರಲಿಲ್ಲ ನಾನು. ಕುರಿ ಹಟ್ಟಿಯಲ್ಲಿ ಬರೀ ಮೈಯಲ್ಲಿ ಇಬ್ಬನಿ ಮೇಲೆ ಮಲಗಿದ್ದನ್ನು ಹತ್ತು ಜನರ ನಡುವೆ ಹೇಳತೊಡಗಿದೆ. ಹರಿಗೋಲು ಹಾಕುವ ಸೋಮಪ್ಪ ಅಲ್ಲೇ ನಿಂತು ಕೇಳುತ್ತಿದ್ದ.

"ನಿಮ್ಮದು ಕಂಬಳಿ ಒಳಗಿನ ಚಳಿ, ಯಜಮಾನ್ರ" ಅಂದ. "ನೀರಾಗಿನ ಚಳಿ ಬ್ಯಾರೆ ಐತಿ."

"ಬಾರಲೇ ಹಂಗಾದ್ರ! ಕುತ್ತಿಗಿಮಟ ನೀರಾಗ ಕೂರೂನು. ಮೊದಲು ಎದ್ದೋನು ಸೋತ."

"ಬ್ಯಾಡ್ರಿ, ನಾವು ದಿನಾ ನೀರಾಗ ಇರೋರು. ಹಬ್ಬದ ದಿನ ಯಾಕ. ಬೇಕಾದ್ರ ಐದು ರೂಪಾಯಿ ಇರಲಿ."

"ಐದು ರೂಪಾಯಿಗೆ ನನ್ನ ಹೆಬ್ಬೆರಳೂ ತೋಯಾಂಗಿಲ್ಲ!"

ಕೊನೆಗೆ ಇಪ್ಪತ್ತಕ್ಕೆ ನಿಂತಿತು. ಇಬ್ಬರೂ ಇಳಿದು ಹತ್ತು ಮಾರು ದೂರದಲ್ಲಿ ಕೂತೆವು. ದಂಡೆಯ ಮೇಲಿನವರು ಬೀಡಿ ಹಚ್ಚಿ, ಸೇದಿ ಮುಗಿದ ಬೀಡಿಯ ಲೆಕ್ಕದಲ್ಲಿ ಹೊತ್ತು ಎಣಿಸತೊಡಗಿದರು. ಸೋಮಪ್ಪ ಕಣ್ಣು ಮುಚ್ಚಿ ಜಪಕ್ಕೆ ಕೂತವನ ಹಾಗಿದ್ದ. ನನಗೆ ಹಾಗೆ ಕೂರಲು ಬರುವುದಿಲ್ಲ, ನಿನಗೆ ಗೊತ್ತು. ಎರಡನೇ ಬೀಡಿಗೆ "ಸತ್ತೆನಪ್ಪೋ, ನಮ್ಮ ಕುರಿ ನೋಡಿಕೊಳ್ರಪ್ಪೋ" ಎಂದು ಕೂಗುತ್ತ ಮುಳುಗಿದೆ. ದಂಡೆಯವರು ಗಾಬರಿಯಾಗಿ ಎದ್ದು ನಿಂತಾಗ ಬಾಯಲ್ಲಿ ನೀರು ಕಾರಂಜಿ ಮಾಡಿ ಮೇಲೆ ಬಂದೆ. ಮೂರನೇ ಬೀಡಿಗೆ ಮತ್ತೆ ಅದೇ ಆಟ. ಮಂದಿ ಹೊಟ್ಟೆ ಹಿಡಿದು ನಕ್ಕರು. "ಸಾಕು ಬರ್ರಿ, ಹುಡುಗಾಟ ಬ್ಯಾಡ" ಎಂದು ಜಂಬಕ್ಕ ಬುತ್ತಿ ಬಿಚ್ಚುತ್ತ ಕೂಗುತ್ತಿದ್ದಳು.

ನಾಲ್ಕನೇ ಬೀಡಿಗೆ ನಾನು ಮತ್ತೊಂದು ಸಲ ಮುಳುಗಿದೆ. ಈ ಸಲ ಅವಳು ಬುತ್ತಿಯನ್ನು ಮರಳಿಗೆ ಚೆಲ್ಲಿ, ಉಟ್ಟ ಸೀರೆಯಲ್ಲೇ ಹೊಳೆಗೆ ನುಗ್ಗಿ, ನನ್ನ ಜುಟ್ಟು ಹಿಡಿದು ಎತ್ತಿ ನಿಲ್ಲಿಸಿಬಿಟ್ಟಳು. ಎದ್ದವನು ಸೋತ ಎಂದು ಮಾತು ಆಡಿದವನು ನಾನೇ. ಸೋತೆ.

ಮಂದಿ ನಗುತ್ತಿದ್ದರು. ನಾನು ಕೆಮ್ಮುತ್ತ, ಅವಳ ಕಡೆ ಕೈ ಮಾಡಿ ಅಂದೆ: "ಕಣ್ಣು ಕಾಣದಾಕಿನ್ನ ಹೊಳಿಗೆ ಕರ್ಕೊಂಡು ಬಂದ್ರ ಹಿಂಗಾ ಆಗೋದು! ಆಟ ಯಾವುದು, ಸಾವು ಯಾವುದು, ಈಕಿಗೆ ಏನ್ ತಿಳೀತೈತಿ?"

ಅವರು ಇನ್ನೂ ಜೋರಾಗಿ ನಕ್ಕರು. ಸೋಮಪ್ಪ ನಗಲಿಲ್ಲ. ರೊಕ್ಕ ಹಿಡಿದು ನನ್ನ ಹತ್ತಿರ ಬಂದ. "ಅಕ್ಕ ಬಂದು ಎಬ್ಬಿಸ್ಯಾಳ, ಇದು ಲೆಕ್ಕಕ್ಕಿಲ್ಲ. ತಗೊಳ್ರಿ ಯಜಮಾನ್ರ." "ಓಬಳೇಶಪ್ಪ ಕೊಟ್ಟಿದ್ದನ್ನ ತಿರುಗಿ ಮುಟ್ಟೋ ಪೈಕಿ ಅಲ್ಲ" ಅಂದೆ. ಅದನ್ನು ಅಂದಾಗ ಎದೆ ಉಬ್ಬಿತ್ತು. ಈಗ ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ಅವಳು ಒದ್ದೆ ಸೀರೆಯಲ್ಲೇ ಮರಳಿನಲ್ಲಿ ಹೊರಳಿದ ಸಜ್ಜೆ ರೊಟ್ಟಿಗಳನ್ನು ಒಂದೊಂದಾಗಿ ಕೊಡವಿ ಎತ್ತಿಟ್ಟಳು. ಯಾರೂ ಉಣ್ಣಲಿಲ್ಲ. ಅವಳಿಗೆ ನೆಗಡಿ, ಸಣ್ಣಗೆ ಜ್ವರ. ಹಾಗಾಗಿ ಹೊಸಪೇಟೆಗೆ ಹೋಗದೆ ವಾಪಸು ಬಂದೆವು. ಕನ್ನಡಕ ತಡವಾದದ್ದು ಹೀಗೆ. ರೊಕ್ಕ ಅವಳ ಎಲೆ ಸಂಚಿಯಲ್ಲಿ ಭದ್ರವಾಗಿದೆ, ಯುಗಾದಿಯೊಳಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಅವಳಿಗೆ ಬರೆಯುವಾಗ ಕನ್ನಡಕದ ಮಾತು ಎತ್ತಬೇಡ.

ಇನ್ನೊಂದು ಮಾತು. ಊರಿಗೆ ಬಂದವನು ಸುಮ್ಮನಿರಬೇಕಿತ್ತು. ಕಟ್ಟೆಯ ಮೇಲೆ ಈ ಕಥೆಯನ್ನು ದಿನಕ್ಕೊಂದು ಬಣ್ಣ ಹಚ್ಚಿ ಹೇಳಿದೆ. ಗೆಲ್ಲುವ ಪಂದ್ಯ ಹೆಂಡತಿಯ ಕುರುಡಿನಿಂದ ಹೋಯಿತು ಅಂದೆ. ಈಗ ಅವಳು ನೀರಿಗೆ ಹೋದರೆ ಹೆಂಗಸರು "ಸರಿದು ನಿಲ್ರವ್ವ, ಹೊಳಿ ಹಾರಿದಾಕಿ ಬಂದ್ಲು, ಬಾವಿಗೂ ಹಾರ್ಯಾಳು!" ಅನ್ನುತ್ತಾರೆ. ಅವಳೂ ನಗುತ್ತಾಳೆ. ಆದರೆ ಸಂಜೆ ಎಲ್ಲರ ಜೊತೆ ಬಿಸಿಲಲ್ಲಿ ಕೂತು ನೂಲುತ್ತಿದ್ದವಳು ಈಗ ಮನೆಯೊಳಗೇ ನೂಲುತ್ತಾಳೆ. ಮೊನ್ನೆ ಗಿಡ್ಡಮ್ಮ ಬಂದು ನನಗೆ ನೇರವಾಗಿ ಅಂದಳು: "ಮಾವ, ನಗಿಸೋದು ಸಾಕು ಮಾಡ್ರಿ. ಅತ್ತಿ ನಗಲಾರದಾಂಗ ಆಗ್ಯಾಳ." ಅವತ್ತು ನಾನು ಕಟ್ಟೆಗೆ ಹೋಗಲಿಲ್ಲ.

ನಿನ್ನ ಕೆಲಸ ನೆಟ್ಟಗೆ ನಡೆಯಲಿ. ನೀನು ಮುಟ್ಟಿದ ರೋಗಿ ಎದ್ದು ಮನೆಗೆ ನಡೆಯಲಿ. ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿ ಪಾಳಿಗೆ ಹೋಗುವಾಗ ಸಣ್ಣವ್ವ ಕೊಟ್ಟ ಕಂಬಳಿ ಹೊದ್ದುಕೋ. ಬೀರಪ್ಪ ದೇವರು ನಿನ್ನನ್ನು ನೂರು ಕಾಲ ಕಾಯಲಿ.

ಇಂತಿ ನಿನ್ನ ಸಣ್ಣಪ್ಪ,
ಓಬಳೇಶಪ್ಪ

ತಾ.ಕ.: ಕಾಗದ ಇನ್ನೂ ಅಂಟಿಸಿಲ್ಲ. ಏನು ಬರೆದಿದ್ದೀರಿ, ಓದಿ ಹೇಳಿ ಎಂದು ಜಂಬಕ್ಕ ಕೇಳಿದಳು. ಓದಿದೆ. ಹೊಳೆಯ ಮಾತು ಬಂದಾಗ ನೂಲುವ ಕೈ ನಿಂತಿತು. ಓದಿ ಮುಗಿದ ಮೇಲೆ, "ಚಲೋ ಬರದೀರಿ. ಕನ್ನಡಕ ಬಂತು, ಸಣ್ಣವ್ವಗೆ ಚೆಂದ ಕಾಣತೈತಿ ಅಂತ ಬರದುಬಿಡ್ರಿ. ಕೂಸು ಅಲ್ಲಿ ಒಬ್ಬಾಕಿ ಐತಿ, ಸುಮ್ಮ ಚಿಂತಿ ಮಾಡತೈತಿ" ಎಂದು ಕುರಿಮರಿ ಕಟ್ಟಲು ಹೊರಗೆ ಹೋದಳು. ಬೈದಿದ್ದರೆ ಕಾಗದ ಹಾಗೇ ಅಂಟಿಸಿ ಡಬ್ಬಿಗೆ ಹಾಕಿ ಬರುತ್ತಿದ್ದೆ.

ಹೊಳೆಯಲ್ಲಿ ಕೊನೆಯ ಸಲ ಮುಳುಗಿದಾಗ ನಾನು ಆಟ ಆಡಿರಲಿಲ್ಲ. ಚಳಿಗೆ ಕಾಲು ಸೆಟೆದು ಹೋಗಿ ಬಿದ್ದೆ. ಮೂಗು ಬಾಯಿಗೆಲ್ಲ ನೀರು ಹೊಕ್ಕಿತು, ಕೂಗಿದರೆ ದನಿ ಬರಲಿಲ್ಲ. ಕಣ್ಣು ನೆಟ್ಟಗಿದ್ದವರೆಲ್ಲ ಅದೂ ನನ್ನ ಆಟವೆಂದು ದಂಡೆಯ ಮೇಲೆ ನಗುತ್ತಿದ್ದರು. ಎದ್ದು ಬಂದವಳು ಅವಳೊಬ್ಬಳೇ. ವಾಪಸು ಬರುವಾಗ ಬಂಡಿಯಲ್ಲಿ ಕೇಳಿದೆ, ನಿನಗೆ ಹ್ಯಾಂಗ ಗೊತ್ತಾತು ಅಂತ. "ನೀವು ಸುಮ್ಮನಾದ್ರಿ" ಅಂದಳು. "ಮಂದಿ ನಡುವ ನೀವು ಸುಮ್ಮನಾಗಿದ್ದು ಇಪ್ಪತ್ತೆಂಟು ವರ್ಷದಾಗ ನಾನು ಕೇಳಿಲ್ಲ." ಇದನ್ನು ಕೇಳಿದ ಮೇಲೂ ನಾನು ಮರುದಿನ ಕಟ್ಟೆಗೆ ಹೋಗಿ ಅವಳನ್ನು ಕುರುಡಿ ಅಂದೆ.

ಸಂಚಿಯಲ್ಲಿ ರೊಕ್ಕ ಇಲ್ಲ, ಗಾದೆಮ್ಮ. ಸೋಮಪ್ಪ ಬ್ಯಾಡ ಬ್ಯಾಡ ಅಂದಷ್ಟೂ ಪಂದ್ಯ ಏರಿಸಿದವನು ನಾನು. ಮಾಗಳದವರು ಟವೆಲ್ಲು ಹಾಸಿ ಅವನ ಪರ ವಂತಿಗೆ ಕೂಡಿಸುತ್ತ ಹೋದರು. ನನ್ನ ಜೇಬಿನಲ್ಲಿ ಇದ್ದದ್ದು ಎರಡು ರೂಪಾಯಿ. ಎಲ್ಲರೂ ನನ್ನ ಕೈ ನೋಡುತ್ತಿದ್ದಾಗ ಜಂಬಕ್ಕ ತಾನಾಗಿಯೇ ಸಂಚಿ ಬಿಚ್ಚಿ, ಕನ್ನಡಕದ ರೊಕ್ಕವನ್ನು ನನ್ನ ಅಂಗೈಯಲ್ಲಿ ಇಟ್ಟು, ನನಗೊಬ್ಬನಿಗೇ ಕೇಳುವ ಹಾಗೆ ಅಂದಳು: "ಸೋಲ್ತೀರಿ ಅಂತ ಗೊತ್ತೈತಿ. ಆದ್ರ ಮಂದ್ಯಾಗ ತಲಿ ತಗ್ಗಿಸಬ್ಯಾಡ್ರಿ."

ಸೋಮಪ್ಪ ತಿರುಗಿ ಕೊಡಲು ಬಂದದ್ದು, ನಾನು ಮುಟ್ಟದೆ ಬಂದದ್ದು, ಆ ರೊಕ್ಕ. ಇಪ್ಪತ್ತು ಅಂತ ಬರೆದದ್ದು ಸುಳ್ಳು. ನೀನು ಕಳಿಸಿದ್ದು ನೂರು, ಎರಡು ವರ್ಷ ನೂತು ಅವಳು ಕೂಡಿಸಿದ್ದು ನಲವತ್ತು. ನಾನು ಸೋತದ್ದು ನೂರಾ ನಲವತ್ತು ರೂಪಾಯಿ.