ಹಾಲು ಸೀದ ವಾಸನೆ

ಚಿರಂಜೀವಿ ತಮ್ಮನಿಗೆ,

ಮಾತು ಬಿಟ್ಟಿರುವುದರಿಂದ ಈ ಕಾಗದ.

ಶೆಡ್ಡು ಹಾಕಲು ನೀನು ಮನೆಯ ಹಿತ್ತಿಲನ್ನು ಕೇಳಿದ ದಿನ, "ಹಳೇ ಟೈರನ್ನ ಬರೀ ಪುಡಿ ಮಾಡ್ತೀನಿ, ಬೇಯಿಸಲ್ಲ" ಎಂದು ಅಮ್ಮನ ಎದುರೇ ಹೇಳಿದ್ದೆ. ನೀನು ಮರೆತಿರಬಹುದು, ನಾನು ಮರೆತಿಲ್ಲ. ಪುಡಿಯಲ್ಲಿ ಲಾಭ ಕಾಣದೆ ನೀನು ಭಟ್ಟಿ ಹಾಕಿ, ಟೈರು ಕಾಯಿಸಿ ಎಣ್ಣೆ ಇಳಿಸತೊಡಗಿದೆ. ಈಗ ಅಮ್ಮನ ಕಫವೂ ಕಪ್ಪು.

ದೂರು ಕೊಟ್ಟವನು ನಾನೇ. ನಿನ್ನೆ ಮಾಲಿನ್ಯ ಇಲಾಖೆಯ ಅಧಿಕಾರಿ ಬಂದು, "ಅಜ್ಜಿ, ಸುಟ್ಟ ವಾಸನೆ ಬರುತ್ತಾ?" ಎಂದು ಕೇಳಿದರು. ಅಮ್ಮ ಕೆಮ್ಮು ನುಂಗಿಕೊಂಡು, "ಅದಾ? ನಾನೇ ಹಾಲಿಟ್ಟು ಮರೆತಿದ್ದೆ, ಸೀದುಹೋಯ್ತು. ನನ್ನ ಮಗ ಅಂಥವನಲ್ಲಪ್ಪ" ಎಂದಳು. ಅವಳು ಹಾಸಿಗೆ ಬಿಟ್ಟು ಏಳದೆ ತಿಂಗಳುಗಳಾದವು. ಅಧಿಕಾರಿ ಅದನ್ನೇ ಬರೆದುಕೊಂಡು ಹೋದರು. ಕಾನೂನು ಓದಿ ನಾನು ಕಟ್ಟಿದ್ದ ವಾದವೆಲ್ಲ ಆ ಒಂದು ಮಾತಿಗೆ ಮಣ್ಣುಪಾಲಾಯಿತು.

ಇನ್ನು ಯಾರಿಗೂ ದೂರು ಬರೆಯುವುದಿಲ್ಲ. ಇವತ್ತೋ ನಾಳೆಯೋ ಎಂದು ಡಾಕ್ಟರು ಹೇಳಿದ್ದಾರೆ. ಕಿಟಕಿ ತೆಗೆ ಎಂದು ಅಮ್ಮ ಬೆಳಗಿನಿಂದ ಕೈಸನ್ನೆ ಮಾಡುತ್ತಿದ್ದಾಳೆ. ತೆಗೆಯಲು ನನಗೆ ಧೈರ್ಯವಿಲ್ಲ. ಇದು ಕೈಸೇರಿದ ಕೂಡಲೇ ಭಟ್ಟಿ ಆರಿಸು. ಹೊಗೆ ಇಳಿದ ಮೇಲೆ ನೀನೇ ಬಂದು ಕಿಟಕಿ ತೆಗೆ. ನೀನು ಅಮ್ಮನ ಬಳಿ ಇರುವಷ್ಟು ಹೊತ್ತು ನಾನು ಹೊರಗಿರುತ್ತೇನೆ.

ಇಂತಿ,
ನಿನ್ನ ಅಣ್ಣ