ಮೊದಲ ಬೈಗುಳ

ಜೂನ್ 4, ಬೆಳಿಗ್ಗೆ

ಮತ್ತೆ ಅದೇ. ವಾಚ್‌ಮನ್ ಹಲಗೆ ತಂದ, ಬಾಗಿಲ ಮೆಟ್ಟಿಲ ಮೇಲೆ ಹಾಸಿದ, ನನ್ನ ಗಾಲಿಕುರ್ಚಿಯನ್ನು ಹಿಂದಿನಿಂದ ನೂಕಿದ. ಲಿಫ್ಟ್ ರಿಪೇರಿ ಮಾಡುವ ಕಂಪನಿ — ಒಳಗೆ ಬರಲು ಮೆಟ್ಟಿಲು! ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ. ಆದರೂ ಹಿಗ್ಗು. ಮೂವತ್ತು ದಾಟಿದ ಮೇಲೆ ಸಿಕ್ಕ ಮೊದಲ ಕೆಲಸ. ಕೊರಳಲ್ಲಿ ಐಡಿ ಕಾರ್ಡು. ಸ್ನಾನಕ್ಕೂ ಅದನ್ನು ತೆಗೆಯುವುದಿಲ್ಲ ಅಂತ ಅತ್ತಿಗೆ ಅಣಕಿಸುತ್ತಾರೆ.

ಹಾಜರಿ ಹಾಕಿ ಆಯಿತು. ಮೇಜು ಒರೆಸಿ ಆಯಿತು. ಇನ್ನೊಮ್ಮೆ ಒರೆಸಿದೆ. ಮ್ಯಾನೇಜರ್ ಹತ್ತಿರ ಕೆಲಸ ಕೇಳಿದೆ. ಒಳ್ಳೆಯ ಮನುಷ್ಯ. "ರೆಸ್ಟ್ ತಗೊಳ್ಳಿ ಮೇಡಂ." ನಿನ್ನೆಯೂ ರೆಸ್ಟೇ. ಹಾಗಾಗಿ ಈ ಡೈರಿ.

ಜೂನ್ 6

ಹೊರಗಿನವರು ಬಂದರೆ ಮ್ಯಾನೇಜರ್ ನನ್ನ ಕಡೆ ಕೈ ತೋರಿಸುತ್ತಾರೆ. "ನಮ್ಮಲ್ಲೂ ಒಬ್ರು ಇದ್ದಾರೆ." ನಾನು ಹಲ್ಲು ಕಿರಿಯುತ್ತೇನೆ. ಪಕ್ಕದ ಹೂಕುಂಡಕ್ಕೆ ಬೆಳೆಯುವ ಕೆಲಸವಾದರೂ ಇದೆ.

ಕಂಪ್ಲೇಂಟ್ ಫೋನ್ ಗೋಡೆಯ ಮೇಲೆ, ನನಗೆ ಎಟುಕುವುದಿಲ್ಲ. ಮೆಕ್ಯಾನಿಕ್‌ಗಳ ಮೇಸ್ತ್ರಿಯೇ ಓಡಿ ಬಂದು ಎತ್ತಬೇಕು. ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ತಪ್ಪಿದರೆ ಜನ್ಮ ಜಾಲಾಡಿಬಿಡುತ್ತಾರೆ. ನನ್ನ ಹತ್ತಿರ ಬಂದರೆ ಮಾತ್ರ ದನಿ ಬೆಣ್ಣೆ. "ಆರಾಮಾ, ತಾಯಿ?" ಮೈಯೆಲ್ಲ ಉರಿಯುತ್ತದೆ.

ಜೂನ್ 11, ಸಂಜೆ, ಮನೆ

ಟಿವಿಯಲ್ಲಿ ಸುದ್ದಿ — ದುಡಿಯುವ ವಯಸ್ಸಿನ ಅಂಗವಿಕಲರಲ್ಲಿ ಕೆಲಸದಲ್ಲಿರುವವರ ಪ್ರಮಾಣ ಹೆಚ್ಚಿದೆಯಂತೆ. ಅಣ್ಣ ಚಪ್ಪಾಳೆ ತಟ್ಟಿದ. "ನೋಡೇ, ಹೆಚ್ಚಾಗಿದ್ದು ನೀನೇ!"

ನಕ್ಕೆ. ಆಮೇಲೆ ಹೇಳಿಬಿಟ್ಟೆ. ಮುಂದಿನ ತಿಂಗಳಿಂದ ಆಫೀಸಿಗೆ ಬರುವುದೇ ಬೇಡ ಅಂದರು ಮ್ಯಾನೇಜರ್. ಅಂಗವಿಕಲರ ಲೆಕ್ಕಕ್ಕೆ ಹೆಸರು ಹಾಜರಿಯಲ್ಲಿ ಇರುತ್ತದೆ, ಸಂಬಳ ಬ್ಯಾಂಕಿಗೆ ಬರುತ್ತದೆ. "ಯಾಕೆ ಸುಮ್ನೆ ಒದ್ದಾಡ್ತೀರಿ ಮೇಡಂ?"

ಅತ್ತಿಗೆ ಹಿಗ್ಗಿದರು. "ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!"

"ನಾನು ರೋಗಿ ಅಲ್ಲ ಅತ್ತಿಗೆ. ನಾನು ಬಯಸಿದ್ದು ಕೆಲಸ."

ಲೆಕ್ಕಕ್ಕುಂಟು, ಆಟಕ್ಕಿಲ್ಲ — ಅದು ನಾನೇ.

ಜೂನ್ 19, ಮಧ್ಯಾಹ್ನ

ಬರೆಯದೆ ಇರಲಾರೆ!

ಎಲ್ಲರೂ ಊಟಕ್ಕೆ ಹೋಗಿದ್ದರು. ಫೋನ್. ನಿಲ್ಲುತ್ತಲೇ ಇಲ್ಲ. ಮನೆಯಲ್ಲಿ ಕಿಟಕಿ ಪರದೆ ಎಳೆಯಲು ಬಳಸುವ ಕೊಕ್ಕೆ ಕೋಲನ್ನು ಎಲ್ಲೆಡೆ ಕುರ್ಚಿಗೆ ಕಟ್ಟಿಕೊಂಡೇ ಓಡಾಡುತ್ತೇನೆ. ರಿಸೀವರ್‌ನ ವಯರಿಗೆ ಕೊಕ್ಕೆ ಹಾಕಿ ಎಳೆದೆ — ಮಡಿಲಿಗೇ ಬಿತ್ತು.

"ಲಿಫ್ಟ್ ನಿಂತ್ಹೋಗಿದೆ! ಒಳಗೇ ಇದ್ದೀನಿ!" ವಯಸ್ಸಾದ ಹೆಂಗಸು. ಅಳುತ್ತಿದ್ದರು.

"ಹೆದರಬೇಡಿ ಅಮ್ಮ. ಮೊದ್ಲು ಕೂತ್ಕೊಳ್ಳಿ."

"ನೆಲದ ಮೇಲಾ? ಹೊಸ ಬಟ್ಟೆ ಹಾಕ್ಕೊಂಡಿದ್ದೀನಿ!"

"ಕೂತ್ಕೊಳ್ಳಿ. ನಾನು ಹುಟ್ಟಿದಾಗಿಂದ ಕೂತೇ ಇದ್ದೀನಿ, ಏನೂ ಆಗಿಲ್ಲ."

ನಕ್ಕರು! ಮಗಳ ಮನೆಗೆ ಹೊರಟಿದ್ದರಂತೆ. ಮೊಮ್ಮಗುವಿಗೆ ಜ್ವರವಂತೆ. ಈಗಲೇ ಮೆಕ್ಯಾನಿಕ್ ಬರುತ್ತಾರೆ ಅಂದೆ. ಲೈನ್ ಕಟ್ಟಾಯಿತು. ಮೇಸ್ತ್ರಿ ಬಾಯಿ ಒರೆಸಿಕೊಳ್ಳುತ್ತ ಬಂದರು. ಹೇಳಿದೆ. ಟೂಲ್ ಬ್ಯಾಗ್ ಹೆಗಲಿಗೇರಿಸಿದರು.

"ಎಲ್ಲಿ?"

ಎಲ್ಲಿ...

ಕೇಳಿಯೇ ಇರಲಿಲ್ಲ. ಹೊಸ ಬಟ್ಟೆ ಗೊತ್ತು, ಮೊಮ್ಮಗುವಿನ ಜ್ವರ ಗೊತ್ತು. ವಿಳಾಸ ಗೊತ್ತಿಲ್ಲ.

"ತಲೇಲಿ ಏನಿಟ್ಕೊಂಡಿದ್ದೀಯ? ಒಳಗೆ ಮನುಷ್ಯರಿದ್ದಾರೆ, ನೀನು ಹರಟೆ ಹೊಡೀತೀಯಾ? ಕೆಲಸ ಅಂದ್ರೆ ಹುಡುಗಾಟ ಅಂದ್ಕೊಂಡ್ಯಾ?"

ಕಿಟಕಿ ಗಾಜು ಅದುರಿತು. ರಿಸೀವರನ್ನು ಮತ್ತೆ ಫೋನಿಗೆ ಕುಕ್ಕಿದರು. ಕುಕ್ಕಿದ್ದೇ ತಡ, ಮತ್ತೆ ರಿಂಗ್! ಮೇಸ್ತ್ರಿ ರಿಸೀವರ್ ತೆಗೆದು ನನ್ನ ಕೈಗೇ ಕೊಟ್ಟರು. "ಕೇಳು!"

ಅದೇ ಅಮ್ಮ. ವಿಳಾಸ ಕೇಳಿದೆ, ಕೂಗಿ ಹೇಳಿದೆ. ಅಷ್ಟರಲ್ಲಿ ಮ್ಯಾನೇಜರ್ ಓಡಿ ಬಂದರು. "ಅವ್ರಿಗೆ ಯಾಕ್ರೀ ಬೈತೀರಿ, ಪಾಪ!"

ಮೇಸ್ತ್ರಿ ಬಾಗಿಲಿಂದಲೇ, "ಪಾಪ ಗೀಪ ಎಲ್ಲ ಆಮೇಲೆ ಸಾರ್. ಏಯ್, ನಾಳೆಯಿಂದ ಮೊದ್ಲು ಅಡ್ರೆಸ್ಸು, ಆಮೇಲೆ ಹರಟೆ. ತಿಳೀತಾ?"

ನಾಳೆಯಿಂದ!

ನಾಚಿಕೆ ಆಗುತ್ತಿದೆ. ನನ್ನಿಂದಾಗಿ ಆ ಅಮ್ಮ ಇನ್ನಷ್ಟು ಹೊತ್ತು ಒಳಗೇ ಇರಬೇಕಾಯಿತು. ಆದರೂ ಖುಷಿ ತಡೆಯಲಾಗುತ್ತಿಲ್ಲ. ಬೈಸಿಕೊಂಡೆ. ಎಲ್ಲರ ಹಾಗೆ ಬೈಸಿಕೊಂಡೆ!

ಜೂನ್ 20

ಮ್ಯಾನೇಜರ್‌ಗೆ ಹೇಳಿಬಿಟ್ಟೆ. ಮನೆಯಲ್ಲಿ ಕೂರುವುದಿಲ್ಲ ಸಾರ್, ಫೋನ್ ಕೆಳಗಿಳಿಸಿ. ಅವರು ತಲೆ ಕೆರೆದುಕೊಂಡು ತಿರುಗಿದರೆ, ಮೇಸ್ತ್ರಿ ಡ್ರಿಲ್ ಹಿಡಿದು ನಿಂತಿದ್ದರು. "ಎಷ್ಟು ಕೆಳಗೆ?" ನನ್ನನ್ನೇ ಕೇಳಿದರು.

ಜುಲೈ 17

ಇಷ್ಟು ದಿನ ಬರೆಯಲು ಪುರುಸೊತ್ತೇ ಇಲ್ಲ. ಫೋನ್ ಈಗ ಮೊಣಕೈ ಪಕ್ಕದಲ್ಲೇ. ನಿನ್ನೆ ಮತ್ತೆ ಬೈಸಿಕೊಂಡು ಮನೆಗೆ ಹೋಗಿ, ಮೇಸ್ತ್ರಿಯನ್ನು ಬಾಯಿಗೆ ಬಂದಂತೆ ಬೈದೆ. ಅತ್ತಿಗೆ ನಕ್ಕುಬಿಟ್ಟರು. "ನಿಮ್ಮಣ್ಣನ ಥರಾನೇ ಆಫೀಸನ್ನ ಬೈಯೋಕೆ ಶುರು ಮಾಡ್ದೆ. ಈಗ ಕೆಲಸ ಸಿಕ್ತು ಬಿಡು!"

ಮೆಟ್ಟಿಲು ಮಾತ್ರ ಹಾಗೇ ಇದೆ. ಇವತ್ತು ಮ್ಯಾನೇಜರ್ ಹತ್ತಿರ ಅದನ್ನೂ ಕೇಳುವುದೇ. ಹೇಗೆ ಶುರು ಮಾಡುವುದು ಅಂದರೆ — ಸಾರ್, ನಾವು ಊರಿನವರನ್ನೆಲ್ಲ ಮೇಲೆ ಹತ್ತಿಸುತ್ತೇವೆ, ನಮ್ಮ ಬಾಗಿಲಲ್ಲೇ...

ತಾಳು, ಫೋನ್ —