ಹದಿನಾಲ್ಕನೇ ಕೋಣೆಯಲ್ಲಿ ಮಗಳು

ನಮ್ಮ ಮನೆಯವರ ಪಾದಕ್ಕೆ ನಮಸ್ಕಾರ. ದೇವರ ದಯೆಯಿಂದ ಸುಖವಾಗಿ ತಲುಪಿ ಮಗಳನ್ನು ಕಣ್ತುಂಬ ನೋಡಿದೆ. ಅವಳಿರುವ ನಾಟಕದ ಮನೆ ಮೊದಲು ಕೋಣೆ ಬಾಡಿಗೆಗೆ ಕೊಡುವ ಹೋಟೆಲಾಗಿತ್ತಂತೆ. ವ್ಯಾಪಾರ ಬಿದ್ದು ಬಾಗಿಲು ಹಾಕುವ ದಿನ ಒಳಗೆ ಉಳಿದಿದ್ದವರು ಒಂದು ನಾಟಕ ಕಂಪನಿಯವರು ಮಾತ್ರ. ಹೋಟೆಲಿನ ಯಜಮಾನರು, "ಹೋಗೋ ಮುಂಚೆ ಊಟದ ಹಾಲ್‌ನಲ್ಲಿ ಒಂದು ನಾಟಕ ಆಡಿ ತೋರ್ಸಿ" ಅಂದರಂತೆ. ಆಡಿದರು, ನಲವತ್ತು ವರ್ಷವಾದರೂ ಹೋಗಿಲ್ಲ.

ಈಗಲೂ ಟಿಕೀಟಿನ ಬದಲು ಹಳೇ ಕೋಣೆಗಳ ಬೀಗದ ಕೈಯ ಹಿತ್ತಾಳೆ ಬಿಲ್ಲೆ ಕೊಡುತ್ತಾರೆ, ಅದೇ ಕುರ್ಚಿಯ ನಂಬರು. ನನಗೆ ಹದಿನಾಲ್ಕು ಬಂತು. ಉಳಿಯಲು ಕೋಣೆ ಕೊಟ್ಟರೆಂದುಕೊಂಡು ಚೀಲ ಹೊತ್ತು ಮಹಡಿ ಹತ್ತಿ ಹದಿನಾಲ್ಕನೇ ಬಾಗಿಲು ತಳ್ಳಿದೆ. ಕನ್ನಡಿ ಮುಂದೆ ನರೆಗೂದಲಿನ ಹೆಂಗಸೊಬ್ಬಳು ಕೂತಿದ್ದಳು. "ತಪ್ಪಾಯ್ತು ತಾಯಿ" ಎಂದು ಹಿಂದೆ ಸರಿದೆ.

"ಅಮ್ಮಾ, ನಾನು ಕಣಮ್ಮ" ಅಂದಳು. ಮುದುಕಿಯ ಪಾತ್ರವಂತೆ. ತಬ್ಬಿಕೊಂಡು ಇಬ್ಬರೂ ಅತ್ತೆವು, ಅವಳ ಬಣ್ಣವೆಲ್ಲ ನನ್ನ ಸೆರಗಿಗಾಯಿತು.

ಇಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಪರದೆ ಏಳುವ ಮುಂಚೆ ಎಲ್ಲರೂ ಕಣ್ಮುಚ್ಚಿ ದೇವರನ್ನು ನೆನೆಯುತ್ತಾರೆ, ನಾನೇ ನೋಡಿದೆ. ನಾಟಕ ಸೇರಿದಳೆಂದು ನೀವು ಮೂರು ವರ್ಷದಿಂದ ಅವಳ ಹೆಸರೆತ್ತಿಲ್ಲ. ಅವಳು ಮೊದಲು ಕೇಳಿದ್ದು ನಿಮ್ಮನ್ನೇ.

"ಅಪ್ಪ ಬರಲ್ವಾ?"

"ಬಂದ್ರೆ ಬೈತಾರೆ ಕಣೇ."

"ಬೈಯೋಕಾದ್ರೂ ಒಂದ್ಸಲ ಬರ್ಲಿ ಬಿಡಮ್ಮ."

ಬಿ.ಪಿ. ಮಾತ್ರೆ ಗೂಡಿನಲ್ಲಿದೆ, ತಪ್ಪಿಸಬೇಡಿ. ಭಾನುವಾರ ಮತ್ತೆ ನಾಟಕವಿದೆ, ಬೆಳಗಿನ ಬಸ್ಸು ಹಿಡಿದರೆ ಸಾಕು. ಕಾರ್ಡು ತುಂಬಿತು. ಬೈಯುವುದನ್ನು ಊಟವಾದ ಮೇಲೆ ಇಟ್ಟುಕೊಳ್ಳಿ, ಮಗು ತುಂಬ ಇಳಿದುಹೋಗಿದೆ.

ನಿಮ್ಮವಳು